ಗುಲಾಬಿ ಮಷಿನ್ನು ಎಲ್ಲಿ ಹೋಯಿತು

ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನಾನು ಜನರೇಟರ್ ಬಾಡಿಗೆಗೆ ಕೊಡುತ್ತೇನೆ. ಲಾರಿಯ ಮೇಲೆ ಕೂತು ಬರುವ ದೊಡ್ಡದಲ್ಲ. ಇಬ್ಬರು ಎರಡು ಕಡೆ ಹಿಡಿದರೆ ಎತ್ತಬಹುದಾದ, ಎರಡು ಚಕ್ರದ ಚಿಕ್ಕ ಮಷಿನ್ನುಗಳು. ಗೃಹಪ್ರವೇಶ, ಅಂಗಡಿ ಓಪನಿಂಗು, ಕಣ್ಣು ತಪಾಸಣೆಯ ಶಿಬಿರ, ಮನೆಯ ಪೋರ್ಟಿಕೋದಲ್ಲಿ ಸೀರೆ ಮಾರಾಟ, ಇಂಥವಕ್ಕೆ ಹೋಗುತ್ತವೆ. ಮೊದಲು ನನ್ನದು ಟೈಲರಿಂಗ್ ಅಂಗಡಿ. ಕರೆಂಟು ಹೋದಾಗ ಮೋಟಾರಿನ ಹೊಲಿಗೆ ಯಂತ್ರ ನಿಲ್ಲಬಾರದು ಅಂತ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಜನರೇಟರ್ ತಂದಿದ್ದೆ. ಅಕ್ಕಪಕ್ಕದವರು ಕೇಳಿ ಕೇಳಿ ಒಯ್ಯತೊಡಗಿದರು. ಬ್ಲೌಸು ಹೊಲಿದುಕೊಟ್ಟರೆ ತೋಳು ಬಿಗಿಯಾಯಿತು ಅಂತ ನಾಲ್ಕು ಸಲ ವಾಪಸ್ ಬರುತ್ತಾರೆ. ಜನರೇಟರಿಗೆ ತೋಳೂ ಇಲ್ಲ, ತಕರಾರೂ ಇಲ್ಲ. ಹೊಲಿಗೆ ಬಿಟ್ಟೆ, ಇದನ್ನು ಹಿಡಿದೆ. ಈಗ ಆರು ಮಷಿನ್ನುಗಳಿವೆ.

ಏಳಿದ್ದವು. ಒಂದು ಬೆನ್ಸನ್ ಟೌನಿನಲ್ಲಿ ಹೋಯಿತು, ಅದೂ ಹಾಡಹಗಲಲ್ಲಿ. ಗೃಹಪ್ರವೇಶದ ಮನೆ, ಗೇಟಿನ ಬಳಿ ಮಷಿನ್ನು ಓಡುತ್ತಿತ್ತು. ಗೂಡ್ಸ್ ಆಟೋದಲ್ಲಿ ಇಬ್ಬರು ಬಂದರಂತೆ. "ಮೇಡಂ ಕಳ್ಸಿದ್ದಾರೆ, ಇದು ಸೌಂಡ್ ಜಾಸ್ತಿ ಮಾಡ್ತಿದೆ, ಬೇರೇದು ತಂದು ಹಾಕ್ತೀವಿ" ಅಂದರಂತೆ. ಮನೆಯವರು ಅವರನ್ನು ಕೂರಿಸಿ ಕೇಸರಿಬಾತು, ಕಾಫಿ ಕೊಟ್ಟು, ಮಷಿನ್ನನ್ನು ಆಟೋಕ್ಕೆ ಏರಿಸಲು ಒಂದು ಕೈ ಹಾಕಿ ಕಳಿಸಿದ್ದಾರೆ. ಮಧ್ಯಾಹ್ನ ಮನೆಯ ಯಜಮಾನರು ನನಗೇ ಫೋನ್ ಮಾಡಿ, "ಬೇರೇದು ಇನ್ನೂ ಬಂದಿಲ್ವಲ್ಲಮ್ಮ" ಅಂತ ಜೋರು ಮಾಡಿದರು. ಠಾಣೆಯಲ್ಲಿ ಮಷಿನ್ನಿನ ನಂಬರ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಗುರುತು ಏನು ಅಂದರು. ಹಳದಿ ಬಣ್ಣ ಅಂದೆ. "ಊರಲ್ಲಿರೋ ಅರ್ಧ ಜನರೇಟರು ಹಳದಿನೇ ಅಮ್ಮ" ಅಂದರು ರೈಟರು. ಆ ಮಷಿನ್ನು ಮತ್ತೆ ಸಿಗಲಿಲ್ಲ.

ಹೀಗಾಗಿ ಯಾರು ಚಿಕ್ಕ ಜನರೇಟರ್ ಕೊಂಡರೂ ಅವರು ಕೇಳದೆಯೇ ನಾನು ಹೇಳುತ್ತೇನೆ. ಎಂಜಿನ್ನಿನ ಮೇಲೆ ಒತ್ತಿರುವ ನಂಬರಿನ ಫೋಟೋ ತೆಗೆದಿಡಿ. ಬಿಲ್ಲು ಬಿಸಾಡಬೇಡಿ, ಅದರದ್ದೂ ಫೋಟೋ ಇರಲಿ. ಚೌಕಟ್ಟಿನ ಒಳಬದಿಯಲ್ಲಿ ವೆಲ್ಡಿಂಗ್‌ನವನ ಕೈಯಲ್ಲಿ ನಿಮ್ಮದೇ ಒಂದು ಗುರುತು ಹಾಕಿಸಿ. ಸರಪಳಿಯನ್ನು ಚೌಕಟ್ಟಿನ ಪೈಪಿನೊಳಗಿಂದ ತೂರಿಸಿ ಕಂಬಕ್ಕೆ ಬೀಗ ಹಾಕಿ. ಹಿಡಿಕೆಗೆ ಮಾತ್ರ ಹಾಕಲೇಬೇಡಿ. ಹಿಡಿಕೆ ನಿಂತಿರುವುದು ಎರಡು ಬೋಲ್ಟಿನ ಮೇಲೆ. ಮತ್ತೆ ಬಣ್ಣ. ನಾನು ಆರಕ್ಕೂ ಆರು ಬಣ್ಣ ಹೊಡೆಸಿದೆ. ಒಂದು ರಾಣಿ ಗುಲಾಬಿ, ಒಂದು ಗಿಳಿಹಸಿರು, ಒಂದು ಆಕಾಶನೀಲಿ, ಹೀಗೆ. "ಮದುವೆ ಹೆಣ್ಣುಗಳ ಥರ ನಿಲ್ಸಿದ್ದೀಯಲ್ಲೇ" ಅಂತ ನಮ್ಮನೆಯವರು ನಕ್ಕರು. ಅವರು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿ ರಿಟೈರ್ ಆದವರು. ಯಂತ್ರ ಅಂದರೆ ಬೂದು ಬಣ್ಣ ಅನ್ನುವ ಜಾತಿ. ನಗಲಿ. ಗುಲಾಬಿ ಜನರೇಟರನ್ನು ಕದ್ದವನು ಅದನ್ನು ಮಾರಬೇಕಾದರೆ ಮೊದಲು ಬಣ್ಣ ಕೆರೆಯಬೇಕು. ಅಷ್ಟು ಹೊತ್ತು ನಮಗೆ ಸಿಕ್ಕ ಹಾಗಾಯಿತು.

ಆಮೇಲೆ ಟ್ರ್ಯಾಕರು. ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ, ಒಳಗೆ ಒಂದು ಸಿಮ್ಮು, ಬ್ಯಾಟರಿ. ನಿಂತ ಜಾಗ ಬಿಟ್ಟು ಕದಲಿದರೆ ನಮ್ಮ ಫೋನಿಗೆ ಸುದ್ದಿ ಬರುತ್ತದೆ, ನಕ್ಷೆಯಲ್ಲಿ ಒಂದು ಚುಕ್ಕಿ ಓಡುತ್ತದೆ. ಶಿವಾಜಿನಗರದ ಗುಜರಿ ಬೀದಿಯಲ್ಲಿ ಗಾಡಿ ಬಿಡಿಭಾಗ ಮಾರುವ ಒಬ್ಬರ ಹತ್ತಿರ ಚೌಕಾಸಿಗೆ ಕೂತೆ.

"ಬೆಹನ್, ಇದು ಫಿಕ್ಸ್ ರೇಟ್. ಖುದಾ ಕಸಮ್ ನನಗೆ ಏನೂ ಉಳಿಯಲ್ಲ."

"ಏನೂ ಉಳಿದೇ ಇದ್ರೆ ಅಂಗಡಿ ಯಾಕೆ ತೆಗ್ದಿದ್ದೀರಿ ಭಾಯ್? ಹೋಗ್ಲಿ, ರೇಟ್ ನಿಮ್ದೇ ಇಟ್ಕೊಳ್ಳಿ. ಆರು ತಗೋತೀನಿ. ಎರಡು ವರ್ಷದೊಳಗೆ ಬ್ಯಾಟರಿ ಸತ್ರೆ ನೀವೇ ಬದಲಾಯಿಸ್ಕೊಡಬೇಕು. ಬರೆದುಕೊಡಿ."

ಅವರು ತಲೆ ಕೆರೆದುಕೊಂಡು, ಬರೆದುಕೊಡುವ ಬದಲು ರೇಟೇ ಇಳಿಸಿದರು. ಮಾರುವವರೇ ಬರೆದುಕೊಡಲು ಹಿಂಜರಿಯುವ ಮಾಲನ್ನು ನಾನು ಕೊಳ್ಳುವುದಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಕೊನೆಗೆ ಬೇರೆ ಪೆಟ್ಟಿಗೆಯಿಂದ ಬೇರೆ ಮಾಲು ತೆಗೆದರು. ಅದಕ್ಕೆ ಬರೆದೂ ಕೊಟ್ಟರು.

ಡಬ್ಬಿ ಇಡುವ ಜಾಗಕ್ಕೂ ಬುದ್ಧಿ ಬೇಕು. ಸೈಲೆನ್ಸರ್ ಹತ್ತಿರ ಇಟ್ಟರೆ ಕರಗುತ್ತದೆ. ಪೂರ್ತಿ ಕಬ್ಬಿಣದ ಒಳಗೆ ಮುಚ್ಚಿದರೆ ಸಿಗ್ನಲ್ ಸಾಯುತ್ತದೆ. ಪೆಟ್ರೋಲ್ ಟ್ಯಾಂಕಿನ ಕೆಳಗೆ, ಚೌಕಟ್ಟಿಗೆ ಅಂಟಿಕೊಂಡಂತೆ, ಹಳೆ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಕಟ್ಟಬೇಕು. ಅದನ್ನು ಕಂಡುಹಿಡಿದವನು ನಮ್ಮ ಆಪರೇಟರು.

ಅವನ ಬಗ್ಗೆ ಹೇಳಬೇಕು. ಯಾದಗಿರಿ ಕಡೆಯವನು. ಹೆಂಡತಿಯ ಜೊತೆ ಗಾರೆ ಕೆಲಸಕ್ಕೆ ಅಂತ ಬಂದು, ನನ್ನ ಮಷಿನ್ನು ಒಂದು ಸೈಟಿನಲ್ಲಿ ಕೆಟ್ಟು ನಿಂತಾಗ ಪ್ಲಗ್ ಬಿಚ್ಚಿ ಒರೆಸಿ ಓಡಿಸಿಕೊಟ್ಟ. ಮರುದಿನದಿಂದ ನನ್ನ ಹತ್ತಿರ. ನಾಲ್ಕು ವರ್ಷ ಆಯಿತು. ಗರುಡಾಚಾರ್‌ಪಾಳ್ಯದ ವಠಾರದಲ್ಲಿ ಅವನಿಗೆ ಕೋಣೆ ಸಿಕ್ಕಿದ್ದು ನನ್ನ ಮಾತಿನ ಮೇಲೆ. ಗುರುತಿಲ್ಲದವರಿಗೆ ಕೊಡುವುದಿಲ್ಲ ಅಂದ ಓನರ್ ಹೆಂಗಸಿಗೆ, "ನಮ್ಮ ಹುಡುಗ, ನಾನು ಜವಾಬ್ದಾರಿ" ಅಂದಿದ್ದೆ. ಹೆಂಡತಿಗೂ ಅದೇ ಬೀದಿಯ ಮೂರು ಮನೆಗಳಲ್ಲಿ ಕೆಲಸ ಸಿಕ್ಕಿತ್ತು, ಅದೂ ಅದೇ ಓನರಮ್ಮನ ಮೂಲಕ. ಅಂದರೆ ಅವರಿಬ್ಬರ ದುಡಿಮೆ, ಇರುವ ಜಾಗ, ಎಲ್ಲವೂ ನಾನು ಹೇಳಿದ ಒಂದು ಒಳ್ಳೆ ಮಾತಿನ ಮೇಲೆ ನಿಂತಿತ್ತು. ಹೇಳಿದವಳಿಗೆ ಅದು ಮರೆತೇ ಹೋಗಿರುತ್ತದೆ.

ಆಯುಧಪೂಜೆಗೆ ಆರೂ ಮಷಿನ್ನು ತೊಳೆದೆವು. ನೀರು ಬೀಳಬಾರದೆಂದು ಅವನು ಟ್ರ್ಯಾಕರುಗಳನ್ನೆಲ್ಲ ಬಿಚ್ಚಿ ಸ್ಟೀಲು ತಟ್ಟೆಯಲ್ಲಿಟ್ಟು ಪಟದ ಮುಂದೆ ಇಟ್ಟ. ಅವೂ ಆಯುಧವೇ ಅಲ್ಲವೇ? ನಾನು ಆರಕ್ಕೂ ಅರಿಶಿನ ಕುಂಕುಮ ಹಚ್ಚಿ ಒಂದೊಂದು ಸೇವಂತಿಗೆ ಇಟ್ಟೆ. ಪ್ರತಿ ಡಬ್ಬಿಯ ಮೇಲೂ ಯಾವ ಬಣ್ಣದ ಮಷಿನ್ನಿನದು ಅಂತ ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು. ಮರುದಿನ ಕುಂಕುಮ ಹೋಗಲಿ ಅಂತ ಸ್ಪಿರಿಟ್ ಹಾಕಿ ಒರೆಸಿದವಳು ನಾನು. ಕುಂಕುಮದ ಜೊತೆ ಅಕ್ಷರವೂ ಹೋಯಿತು. ತಟ್ಟೆಯಲ್ಲಿ ಇದ್ದ ಸಾಲಿನ ನೆನಪಿನ ಮೇಲೆ ನಾನೇ ವಾಪಸ್ ಕಟ್ಟಿದೆ. ಗುಲಾಬಿಯದು ನೀಲಿಗೆ, ನೀಲಿಯದು ಗುಲಾಬಿಗೆ ಹೋಯಿತು. ಅದು ಆಗ ಗೊತ್ತಾಗಲಿಲ್ಲ. ಮುಂದಿನ ದಿನಗಳಲ್ಲಿ ಎರಡೂ ಅಂಗಡಿಯಲ್ಲೇ ನಿಂತಿದ್ದವು, ರಾಜ್ಯೋತ್ಸವಕ್ಕೆ ಎರಡೂ ಒಂದೇ ಪೆಂಡಾಲಿಗೆ ಹೋಗಿ ಬಂದವು. ನಕ್ಷೆಯಲ್ಲಿ ಚುಕ್ಕಿಯ ಮೇಲೆ ಚುಕ್ಕಿ.

ಅವು ಬೇರೆ ಬೇರೆ ಹೋದದ್ದು ನವೆಂಬರಿನ ಒಂದು ಶನಿವಾರ. ಗುಲಾಬಿಯನ್ನು ಆಪರೇಟರು ಗರುಡಾಚಾರ್‌ಪಾಳ್ಯದಲ್ಲಿ, ಅವನ ವಠಾರದಿಂದ ಎರಡು ಬೀದಿ ಆಚೆ, ಒಂದು ಕಣ್ಣಿನ ಶಿಬಿರಕ್ಕೆ ಒಯ್ದಿದ್ದ. ನೀಲಿ ಇಂದಿರಾನಗರದ ಒಂದು ಮನೆಗೆ, ಸೀರೆ ಮಾರಾಟಕ್ಕೆ. ಆ ಮನೆಯಾಕೆ ಹಳೆ ಗಿರಾಕಿ, ಮಷಿನ್ನು ಓಡಿಸಲು ಬಲ್ಲವರು, ಹಾಗಾಗಿ ಆಪರೇಟರ್ ಇಲ್ಲದೆ ಸರಪಳಿ, ಬೀಗದ ಜೊತೆ ಕೊಟ್ಟಿದ್ದೆ.

ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಬಾಯಿಗೆ ಹಾಕುತ್ತಿದ್ದೆ. ಫೋನು ಕೂಗಿತು. ಗುಲಾಬಿ ಚಲಿಸುತ್ತಿದೆ ಅಂತ. ನೋಡಿದರೆ ಚುಕ್ಕಿ ಹಳೆ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಕಡೆ ಓಡುತ್ತಿದೆ. ಅಲ್ಲಿ ಒಳರಸ್ತೆಗೆ ತಿರುಗಿ ನಿಂತಿತು. ಆಪರೇಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಓಡುತ್ತಿರುವ ಜನರೇಟರಿನ ಪಕ್ಕ ಕೂತವನಿಗೆ ಫೋನು ಕೇಳಿಸುವುದಿಲ್ಲ. ಇದು ಈ ಕಸುಬಿನ ಮೊದಲ ಪಾಠ, ನಾನೇ ನೂರು ಜನಕ್ಕೆ ಹೇಳಿದ್ದೇನೆ. ಆವತ್ತು ಮಾತ್ರ ಬೇರೆ ನೆನಪಾಯಿತು. ಹಿಂದಿನ ವಾರ ಅವನು ಊರಿಗೆ ಹೋಗಬೇಕು, ತಂಗಿಯ ಮದುವೆ ಮಾತುಕತೆ ಇದೆ ಅಂದಿದ್ದ. ಅದಕ್ಕೂ ಇದಕ್ಕೂ ನಾನೇ ಗಂಟು ಹಾಕಿದೆ.

ಫೋನಿನಲ್ಲಿ ಬೆರಳು ಸ್ವಲ್ಪ ಕೆಳಗೆ ಜಾರಿಸಿದ್ದರೆ, ಇಂದಿರಾನಗರದಲ್ಲಿರಬೇಕಾದ ನೀಲಿ ಗರುಡಾಚಾರ್‌ಪಾಳ್ಯದಲ್ಲಿ ಕೂತಿರುವುದು ಕಾಣುತ್ತಿತ್ತು. ಬೆರಳು ಜಾರಿಸಲಿಲ್ಲ. ಓನರಮ್ಮನಿಗೆ ಫೋನ್ ಮಾಡಿದೆ.

"ನಮ್ಮ ಆಪರೇಟರ್ ಮನೇಲಿದ್ದಾನಾ ನೋಡ್ತೀರಾ? ನನ್ನ ಮಷಿನ್ ಎಲ್ಲೋ ಸಾಗಿಸ್ಬಿಟ್ಟಿದ್ದಾನೆ."

"ಅಯ್ಯೋ, ಹೌದಾ? ನಂಗೆ ಅವತ್ತೇ ಡೌಟ್ ಇತ್ತು ಬಿಡಿ. ಜಾಸ್ತಿ ಮಾತೇ ಆಡಲ್ಲ ಅವನು."

ನಾಲ್ಕು ವರ್ಷದಲ್ಲಿ ಆಕೆಗೆ ಇಲ್ಲದ ಡೌಟು ಅದೇ ಕ್ಷಣದಲ್ಲಿ ಹುಟ್ಟಿದ್ದು ನನಗೂ ಗೊತ್ತಾಯಿತು. ಆದರೂ ತಿದ್ದದೆ ಫೋನ್ ಇಟ್ಟೆ.

ನಮ್ಮನೆಯವರು ಸ್ಕೂಟರ್ ತೆಗೆದರು. ಹಿಂದೆ ಕೂತು ನಾನು ಬೈಯುತ್ತಲೇ ಇದ್ದೆ. ಅವರು ಒಂದೇ ಮಾತು ಕೇಳಿದರು. "ಅವನು ಕದ್ದಿದ್ರೆ ಟ್ರ್ಯಾಕರ್ ಬಿಟ್ಟು ಕದೀತಿದ್ನೇನೇ? ಅದನ್ನ ಕಟ್ಟಿದ್ದೇ ಅವನು."

ಮೊದಲು ಶಿಬಿರಕ್ಕೇ ಹೋಗೋಣ ಅಂದೆ.

ಶಾಲೆಯ ಕಾಂಪೌಂಡು, ಶಾಮಿಯಾನ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ತಲೆ ಎತ್ತಿ ಕೂತ ಮುದುಕರ ಸಾಲು. ಕಾಂಪೌಂಡಿನ ಮೂಲೆಯಲ್ಲಿ ರಾಣಿ ಗುಲಾಬಿ ಬಣ್ಣದ ನನ್ನ ಮಷಿನ್ನು ಢಗಢಗ ಅನ್ನುತ್ತಿತ್ತು. ಸರಪಳಿ ಚೌಕಟ್ಟಿನೊಳಗಿಂದ ಬೇವಿನ ಮರಕ್ಕೆ ಬಿಗಿದಿತ್ತು. ಪಕ್ಕದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಅವನು ಕೂತಿದ್ದ. ನನ್ನನ್ನು ಕಂಡು ಎದ್ದು ಮಷಿನ್ನು ಆರಿಸಿದ.

"ಏನ್ರಿ ಅಕ್ಕಾರ, ನೀವೂ ಕಣ್ಣು ತೋರ್ಸಾಕ ಬಂದೀರಿ?"

ನಮ್ಮನೆಯವರು ಬೇರೆ ಕಡೆ ತಿರುಗಿ ಕೆಮ್ಮಿದರು. ನಾನು ಫೋನು ಮುಂದೆ ಹಿಡಿದೆ. ಅವನು ನೋಡಿದ, ಮಷಿನ್ನು ನೋಡಿದ, ಮತ್ತೆ ಫೋನ್ ನೋಡಿದ. ಬೆರಳು ಜಾರಿಸಿ ಕೆಳಗಿನ ಸಾಲು ಓದಿದ.

"ಗುಲಾಬಿ ಇಲ್ಲೇ ಅದ. ನಿಮ್ಮ ಫೋನ್ನಾಗ ನೀಲಿ ಇಲ್ಲಿ ಅದ ಅಂತ ತೋರ್ಸಾಕತ್ತದ. ಪೂಜಾದ ಮರುದಿನ ನೀವಾ ಕಟ್ಟೀರಿ ಇವನ್ನ?"

"ಹೂಂ."

"ಅದಲ್ ಬದಲ್ ಆಗ್ಯಾವ್ರಿ. ಟಿನ್ ಫ್ಯಾಕ್ಟರಿಗೆ ಹೋಗಿದ್ದು ನೀಲಿ. ನೀಲಿನ ಯಾರೋ ಒಯ್ದಾರ. ನಡೀರಿ, ಲಗೂನ."

ನಾನು ಅವನನ್ನು ಏನಂದುಕೊಂಡು ಬಂದೆ ಅಂತ ಅವನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ತನ್ನ ಫೋನಿನಲ್ಲಿ ನನ್ನ ಹೆಸರಿನ ಮುಂದೆ ಮೂರು ಮಿಸ್ ಕಾಲ್ ಕಂಡಿದ್ದ.

ಇಂದಿರಾನಗರಕ್ಕೆ ಫೋನ್ ಮಾಡಿದೆ. ಗಿರಾಕಿ ಹೊರಗೆ ಹೋಗಿ ನೋಡಿ ಬಂದರು. "ಅಯ್ಯೋ, ಹ್ಯಾಂಡಲ್ ಮಾತ್ರ ಇದೆ ಕಣ್ರೀ! ಬೀಗ ಹಾಕಿದ ಹಾಗೇ ಇದೆ!" ಸರಪಳಿಯನ್ನು ಅವರು ಹಿಡಿಕೆಗೆ ಹಾಕಿದ್ದರು. ಎಲ್ಲರೂ ಊಟಕ್ಕೆ ಒಳಗೆ ಹೋದಾಗ ಬಂದವರು ಸ್ಪ್ಯಾನರಿನಲ್ಲಿ ಎರಡು ಬೋಲ್ಟು ಬಿಚ್ಚಿ, ಹಿಡಿಕೆ ಬಿಟ್ಟು ಮಷಿನ್ನು ಎತ್ತಿಕೊಂಡು ಹೋಗಿದ್ದರು.

ಗುಲಾಬಿಯನ್ನು ಮತ್ತೆ ಓಡಿಸಿ, ಅದರ ಕಾವಲಿಗೆ ನಮ್ಮನೆಯವರನ್ನು ಬಿಟ್ಟು ನಾನೂ ಆಪರೇಟರೂ ಆಟೋ ಹಿಡಿದೆವು. ದಾರಿಯಲ್ಲೇ ಪೊಲೀಸರಿಗೆ ಫೋನ್ ಮಾಡಿದೆ. ಇದನ್ನೂ ಹೇಳಿಬಿಡುತ್ತೇನೆ. ಚುಕ್ಕಿ ಎಲ್ಲಿದೆ ಅಂತ ಗೊತ್ತಿದೆ ಎಂದು ನೀವೇ ನುಗ್ಗಬೇಡಿ. ದೂರ ನಿಂತು ಪೊಲೀಸರಿಗೆ ಕಾಯಿರಿ. ಟಿನ್ ಫ್ಯಾಕ್ಟರಿಯ ಬಸ್ಸುಗಳ ಗಲಾಟೆಯ ಹಿಂದೆ, ಹಳೆ ಟೈರು ಪೇರಿಸಿದ ಒಂದು ಶೆಡ್ಡು. ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದ ಮೇಲೆ ನಾವೂ ಒಳಗೆ ಹೋದೆವು. ಶೆಡ್ಡಿನವನು ಏನೂ ಇಲ್ಲ ಸಾರ್, ಬರೀ ಟೈರ್ ಅಂದ. ನಮ್ಮವನು ನೇರ ಹೋಗಿ ಒಂದು ಟಾರ್ಪಾಲಿನ ಅಂಚು ಎತ್ತಿದ. ಹಿಡಿಕೆಯಿಲ್ಲದ ನೀಲಿ. ಒಂದು ಮಗ್ಗುಲಲ್ಲಿ ಆಗಲೇ ಬಣ್ಣ ಕೆರೆಯಲು ಶುರು ಮಾಡಿದ್ದರು.

"ಇದು ನಿಮ್ದೇ ಅಂತ ಏನು ಗ್ಯಾರಂಟಿ?" ಕಾನ್‌ಸ್ಟೇಬಲ್ ಕೇಳಿದರು.

ನಾನು ಎಂಜಿನ್ ನಂಬರಿನ ಫೋಟೋ, ಬಿಲ್ಲಿನ ಫೋಟೋ ತೋರಿಸಿದೆ. ನಮ್ಮವನು ಚೌಕಟ್ಟಿನ ಒಳಬದಿಯ ವೆಲ್ಡಿಂಗ್ ಗುರುತು ತೋರಿಸಿದ. ಶೆಡ್ಡಿನವನು ತಾನು ಬರೀ ಇಟ್ಟುಕೊಂಡವನು, ಸಂಜೆ ಯಾರೋ ಬಂದು ಒಯ್ಯುತ್ತಾರೆ ಅಂದ. ಸಂಜೆ ಬಂದ ಆ ಯಾರೋಗಳನ್ನು ಪೊಲೀಸರೇ ಹಿಡಿದುಕೊಂಡರು. ಮಷಿನ್ನು ಠಾಣೆಗೆ ಹೋಯಿತು. ಅಲ್ಲಿಂದ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಿ ಕೆಲವು ವಾರ ಅಲೆದೆ. ಬಿಲ್ಲು ಇದ್ದುದರಿಂದ ಅಲೆದಾಟವಷ್ಟೇ ಆಯಿತು.

ಠಾಣೆಯಿಂದ ಹೊರಬಂದಾಗ ಇನ್ನೂ ಬಿಸಿಲಿತ್ತು. ಅವನ ಫೋನು ಬಡಿದುಕೊಂಡಿತು. ಹೆಂಡತಿ. ಅವನು ಕೇಳಿಸಿಕೊಂಡ, ನನ್ನನ್ನು ನೋಡಿದ, ಪಕ್ಕಕ್ಕೆ ಹೋಗಿ ಮಾತಾಡಿದ. ವಾಪಸ್ ಬಂದು ಹೇಳಿದ.

"ಓನರಮ್ಮ ಕೋಲಿ ಖಾಲಿ ಮಾಡ್ರಿ ಅಂದಾಳಂತ. ಎರಡು ಮನಿಯವರು ನಾಳಿಂದ ಕೆಲಸಕ್ಕ ಬರಬ್ಯಾಡ ಅಂದಾರಂತ. ನೀವು ಫೋನ್ ಮಾಡಿದ್ರೇನ್ರಿ ಅಕ್ಕಾರ?"

ಮಾಡಿದೆ ಅಂದೆ. ಅವನು ಜೇಬಿನಿಂದ ಗುಲಾಬಿಯ ಬೀಗದ ಕೀಲಿ ತೆಗೆದು ನನ್ನ ಕೈಗೆ ಕೊಟ್ಟ.

ನಾನು ಅಲ್ಲಿಯೇ ಓನರಮ್ಮನಿಗೆ ಫೋನ್ ಮಾಡಿ, ತಪ್ಪು ನನ್ನದು, ಅವನದೇನೂ ಇಲ್ಲ, ಮಷಿನ್ನು ಹುಡುಕಿಕೊಟ್ಟವನೇ ಅವನು ಅಂತ ಹೇಳಿದೆ. "ಹೌದಾ, ಸರಿ ಬಿಡಿ" ಅಂದಳು. ಮೊದಲಿನ ಸುದ್ದಿಗೆ ಇದ್ದ ಹುರುಪು ಇದಕ್ಕೆ ಇರಲಿಲ್ಲ. ನಾನು ಆಟೋದಲ್ಲಿ ಅವನ ಜೊತೆಗೇ ವಠಾರಕ್ಕೆ ಹೋದೆ.

ಕೋಣೆಯಲ್ಲಿ ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನನಗೆ ಕೂರಲು ಚಾಪೆ ಹಾಕಿದಳು, ನೀರು ಕೊಟ್ಟಳು. ಮತ್ತೆ ತುಂಬತೊಡಗಿದಳು. ನಾನು ಓನರಮ್ಮನಿಗೆ ಹೇಳಿದ್ದೇನೆ, ಕೋಣೆ ಬಿಡಬೇಕಾಗಿಲ್ಲ ಅಂದೆ. ಅವಳು ಕೈ ನಿಲ್ಲಿಸಲಿಲ್ಲ. ನನಗೆ ಗೊತ್ತಿರುವ ವಿದ್ಯೆ ಒಂದೇ, ಅದನ್ನೇ ಶುರು ಮಾಡಿದೆ. ಸಂಬಳ ಏರಿಸುತ್ತೇನೆ. ನಾದಿನಿಯ ಮದುವೆಗೆ ಒಂದು ಒಳ್ಳೆ ರೇಷ್ಮೆ ಸೀರೆ ನನ್ನ ಕಡೆಯಿಂದ. ಕೆಲಸ ಬಿಡಿಸಿದ ಮನೆಗಳಿಗೆ ಬದಲು ಹಲಸೂರಿನಲ್ಲಿ ನಾನೇ ಬೇರೆ ಮನೆ ಹುಡುಕಿಕೊಡುತ್ತೇನೆ.

"ಸೀರಿ ಬ್ಯಾಡ್ರಿ" ಅಂದಳು.

"ಮತ್ತೇನು ಬೇಕು ಹೇಳಮ್ಮ."

"ನಮ್ಮ ಮನಿಯವ್ರು ಕಳ್ಳ ಅಂತ ನಳದ ಹತ್ರ ಅಂದಾರ. ನೀರು ಹಿಡ್ಯಾಕ ನಿಂತವ್ರೆಲ್ಲ ಕೇಳ್ಯಾರ. ನೀವು ಓನರಮ್ಮಗ ಫೋನ್ನಾಗ ಅಂದ್ರ ಅವ್ರಿಗೇನು ಕೇಳತದ? ನಾಳೆ ಮುಂಜಾನೆ ನೀರು ಬರತದ. ಬಂದು ಅಲ್ಲೇ ನಿಂತು ಹೇಳ್ರಿ."

"ನಾನು ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳ್ತೀನಿ ಬಿಡು, ಮನೆಮನೆಗೆ ಹೋಗಿ."

"ನಳದ ಹತ್ರ ಹೇಳ್ರಿ."

"ಇವತ್ತೇ ಹೇಳ್ತೀನಿ, ನಾಳೆ ತನಕ ಯಾಕೆ?"

"ಇವತ್ತಿನ ನೀರು ಬಂದು ಹೋತ್ರಿ. ಇನ್ನ ಯಾರೂ ಇರಂಗಿಲ್ಲ."

ನನ್ನ ಜೀವನದಲ್ಲಿ ಯಾರ ಮೊದಲ ಬೆಲೆಗೂ ನಾನು ಒಪ್ಪಿದವಳಲ್ಲ. ಗುಜರಿ ಬೀದಿಯಲ್ಲೂ ಚಪ್ಪಲಿ ಮೆಟ್ಟಿಕೊಂಡು ಎದ್ದರೆ ಯಾರಾದರೂ ಹಿಂದಿನಿಂದ ಕರೆಯುತ್ತಾರೆ. ಇಲ್ಲಿ ಎದ್ದು ಬಾಗಿಲವರೆಗೆ ಹೋದೆ. ಯಾರೂ ಕರೆಯಲಿಲ್ಲ. ಅವಳು ಒಂದು ಹಿತ್ತಾಳೆ ಚೊಂಬನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದಳು. ಅವನು ಗೋಡೆಗೆ ಒರಗಿ ಹೆಂಡತಿಯನ್ನು ನೋಡುತ್ತಿದ್ದ, ನನ್ನನ್ನಲ್ಲ.

"ಎಷ್ಟು ಗಂಟೆಗೆ ಬರುತ್ತೆ ನೀರು?" ಕೇಳಿದೆ.

"ಏಳಕ್ಕ."

ಬೆಳಿಗ್ಗೆ ಏಳಕ್ಕೆ ಮೊದಲೇ ಹೋದೆ. ನಮ್ಮನೆಯವರು ಸ್ಕೂಟರನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, "ನೀನೇ ಹೋಗು" ಅಂದರು. ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲಿತ್ತು, ಹನ್ನೆರಡು ಹದಿಮೂರು ಹೆಂಗಸರು, ಇಬ್ಬರು ಗಂಡಸರು. ಓನರಮ್ಮ ಮಹಡಿಯ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತ ನಿಂತಿದ್ದಳು. ಅವನ ಹೆಂಡತಿ ಸಾಲಿನ ಮಧ್ಯದಲ್ಲಿ ತನ್ನ ಎರಡು ಕೊಡಗಳ ಜೊತೆ ಇದ್ದಳು. ಯಾರೂ ಅವಳ ಪಕ್ಕ ಒತ್ತಿ ನಿಂತಿರಲಿಲ್ಲ.

ನಾನು ಹೇಳಿದೆ. ಜನರೇಟರ್ ಅಂಗಡಿಯವಳು ನಾನು, ಅಂದೆ. ನಿನ್ನೆ ಇವರ ಯಜಮಾನರ ಮೇಲೆ ಕಳ್ಳತನದ ಮಾತು ಬಂದದ್ದು ನನ್ನಿಂದ, ಅದು ಸುಳ್ಳು. ಕದ್ದವರು ಬೇರೆ, ಅವರು ಸಿಕ್ಕಿದ್ದಾರೆ, ಮಷಿನ್ನು ಸಿಕ್ಕಿದೆ, ಸಿಕ್ಕಿದ್ದು ಇವರ ಯಜಮಾನರಿಂದ. ಟ್ರ್ಯಾಕರನ್ನು ತಪ್ಪು ಮಷಿನ್ನಿಗೆ ಕಟ್ಟಿದವಳು ನಾನು. ನಾಲ್ಕು ವರ್ಷದಲ್ಲಿ ಅವನು ನನ್ನ ಒಂದು ಬೋಲ್ಟು ಮುಟ್ಟಿಲ್ಲ. ಅವನಿಗೆ ಇಲ್ಲಿ ಮನೆ ಕೊಡಿಸುವಾಗ ನಾನು ಜವಾಬ್ದಾರಿ ಅಂದಿದ್ದೆ, ಈಗಲೂ ಅಂತೀನಿ.

ಓನರಮ್ಮ ಬಾಯಿ ಮುಕ್ಕಳಿಸಿ, "ನಾನೇನು ಅಂದೆ ಈಗ, ಇರ್ಲಿ ಇರ್ಲಿ, ಇದ್ಕೊಳ್ಲಿ" ಅಂದಳು. ಸಾಲಿನಲ್ಲಿ ಒಬ್ಬಾಕೆ ನಕ್ಕಳು. ಇನ್ನೊಬ್ಬಾಕೆ ತನ್ನ ಕೊಡ ಮುಂದಕ್ಕೆ ಸರಿಸಿ ಅವಳ ಕೊಡಕ್ಕೆ ತಾಗಿಸಿ ನಿಂತಳು. ನಲ್ಲಿ ಗೊರಗೊರ ಅಂದು ನೀರು ಬಂತು.

ಅವನು ಕೋಣೆಯ ಬಾಗಿಲಲ್ಲಿದ್ದ. ನಾನು ಗುಲಾಬಿಯ ಕೀಲಿ ಚಾಚಿದೆ. ತಕ್ಷಣ ತೆಗೆದುಕೊಳ್ಳಲಿಲ್ಲ.

"ಆ ನಕ್ಷಾ ನನ್ನ ಫೋನ್ನಾಗೂ ಹಾಕ್ಕೊಡ್ರಿ" ಅಂದ. "ಆರೂ ಮಷಿನ್ದು. ನೀವು ನೋಡ್ತೀರಿ, ನಾನೂ ನೋಡ್ತೀನಿ."

ಅಲ್ಲಿಯೇ ಅವನ ಫೋನಿಗೆ ಹಾಕಿಕೊಟ್ಟೆ. ಅವನು ಬೆರಳು ಜಾರಿಸಿ ಆರನ್ನೂ ನೋಡಿ ಮುಗಿಸಿದ ಮೇಲೆ ಕೀಲಿ ಜೇಬಿಗೆ ಹಾಕಿಕೊಂಡ.

ಹೊರಡುವಾಗ ಬೀದಿಯ ಆ ಕಡೆಯಿಂದ ಒಬ್ಬ ಅಜ್ಜಿ ಖಾಲಿ ಬಿಂದಿಗೆ ಹಿಡಿದು ನಿಧಾನಕ್ಕೆ ಬಂದಳು. ಎಲ್ಲರೂ ನನ್ನನ್ನೇ ನೋಡುತ್ತಿರುವುದನ್ನು ಕಂಡು, "ಏನಂತೆ? ಏನಾಯ್ತಂತೆ?" ಅಂದಳು.

ಅವನ ಹೆಂಡತಿ ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು, ನಲ್ಲಿಯನ್ನು ತಿರುವಿ ನಿಲ್ಲಿಸಿದಳು.

"ಇನ್ನೊಮ್ಮೆ ಹೇಳ್ರಿ ಅಕ್ಕಾರ" ಅಂದಳು. "ಈ ಅಮ್ಮಗ ಕಿವಿ ಜರಾ ಮಂದ ಅದ. ಜೋರಾಗಿ ಹೇಳ್ರಿ."

ನಾನು ಮೊದಲಿನಿಂದ ಶುರು ಮಾಡಿದೆ.